ಸೂರ್ಯಾಸ್ತದ ಕೆಳಗಿನ ದಡ

ಮಂಗಳೂರಿನಲ್ಲಿ ಸೂರ್ಯಾಸ್ತದ ಫೋಟೊ ತೆಗೆಯುವವರಿಗೆ ಆಕಾಶದ ಚಿಂತೆ ಕಡಿಮೆ. ಮಳೆಗಾಲ ಒಂದನ್ನು ಬಿಡಿ; ಆಟಿ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಪಂಚಾಂಗದಲ್ಲಿ ಮಾತ್ರ. ನವರಾತ್ರಿ ಹತ್ತಿರ ಬರುವ ಹೊತ್ತಿಗೆ ಗಾಳಿಯಲ್ಲಿದ್ದ ಧೂಳನ್ನೆಲ್ಲ ಮಳೆ ತೊಳೆದು ಮುಗಿಸಿರುತ್ತದೆ, ಮೋಡವೂ ಪೂರ್ತಿ ಹೋಗಿರುವುದಿಲ್ಲ. ದಡದಲ್ಲಿ ನಿಂತರೆ ಪಶ್ಚಿಮಕ್ಕೆ ಅಡ್ಡ ಬರುವ ಒಂದು ಗುಡ್ಡವಿಲ್ಲ, ಒಂದು ಕಟ್ಟಡವಿಲ್ಲ. ಕೆಂಪು, ಕಿತ್ತಳೆ, ನೇರಳೆ ಎಲ್ಲ ತಾನಾಗಿ ಬರುತ್ತದೆ. ಬಾವುಟಗುಡ್ಡೆಯಲ್ಲಿ ಬಸ್ಸಿಗೆ ಕಾಯುವವನ ಪಾಲಿಗೂ ಅಷ್ಟು ಸಿಗುತ್ತದೆ. ಆ ಬಣ್ಣಕ್ಕಾಗಿ ಫೋಟೊ ತೆಗೆದವನನ್ನು ಹೊಗಳುವುದು ನನಗೆ ಯಾವಾಗಲೂ ತುಸು ತಮಾಷೆಯಾಗಿ ಕಾಣುತ್ತದೆ. ಅವನ ಕೆಲಸವೇನಿದ್ದರೂ ದಿಗಂತದ ಗೆರೆಯಿಂದ ಕೆಳಗೆ.

ಆ ಕೆಳಗಿನ ಭಾಗದಲ್ಲಿ ಯಾರಿಗೆ ಜಾಗ ಕೊಡುತ್ತೇವೆ, ಯಾರನ್ನು ಹೊರಗೆ ಹಾಕುತ್ತೇವೆ ಎನ್ನುವುದರಲ್ಲಿ ನಮ್ಮ ನಡತೆ ಗೊತ್ತಾಗುತ್ತದೆ. ಸೂರ್ಯನಿಗೆ ಯಾರೂ ಅನ್ಯಾಯ ಮಾಡಲಾರರು. ದಡದಲ್ಲಿರುವವರಿಗೆ ಮಾಡಬಹುದು, ಅದೂ ಗೊತ್ತಿಲ್ಲದೆಯೇ.

ಫೋಟೊಗ್ರಫಿ ಕಲಿಸುವವರೆಲ್ಲ ಮೊದಲ ದಿನ ಹೇಳುವ ಸೂತ್ರ ಒಂದಿದೆ: ಚೌಕಟ್ಟನ್ನು ಅಡ್ಡಡ್ಡ ಮೂರು ಪಾಲು ಮಾಡು, ದಿಗಂತವನ್ನು ಮೇಲಿನ ಗೆರೆಗಾಗಲಿ ಕೆಳಗಿನ ಗೆರೆಗಾಗಲಿ ಕೂರಿಸು, ನಡುವೆ ಮಾತ್ರ ಇಡಬೇಡ. ಈ ಸೂತ್ರಕ್ಕೆ ಕ್ಯಾಮೆರಾಕ್ಕಿಂತ ಹೆಚ್ಚು ವಯಸ್ಸು. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬ ಕಲಾವಿದ 1797ರಲ್ಲಿ ಹಳ್ಳಿಗಾಡಿನ ದೃಶ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಹೆಸರಿಟ್ಟು ಹೇಳಿದ. ಕುಂಚ ಹಿಡಿದವನಿಗೆ ಅದು ಸಲೀಸು. ಬೇಡದ್ದನ್ನು ಬರೆಯದಿದ್ದರೆ ಮುಗಿಯಿತು. ಕ್ಯಾಮೆರಾ ಹಿಡಿದವನ ಚೌಕಟ್ಟಿಗೆ ಬೇಡದ್ದೂ ಹೇಳದೆ ಕೇಳದೆ ಬಂದು ಕೂರುತ್ತದೆ.

ಪಣಂಬೂರನ್ನೇ ನೋಡಿ. ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ್ದು 1974ರಲ್ಲಿ. ಅದರ ಬ್ರೇಕ್‌ವಾಟರಿನ ತೆಂಕು ಮಗ್ಗುಲಲ್ಲೇ ಬೀಚು. ಕಡಲಿಗೆ ಮುಖ ಮಾಡಿ ನಿಂತರೆ ಬಲಗಡೆ ಕಪ್ಪು ಕಲ್ಲುಗಳ ಉದ್ದನೆಯ ಸಾಲು, ಅದರಾಚೆ ಕ್ರೇನುಗಳು. ಎದುರಿಗೆ, ದೂರದಲ್ಲಿ, ಒಳಗೆ ಬರುವ ಸರದಿಗಾಗಿ ಲಂಗರು ಹಾಕಿ ಕಾಯುವ ಹಡಗುಗಳು. ಬೆನ್ನ ಹಿಂದೆ ಚರುಮುರಿ ಗಾಡಿ, ಐಸ್‌ಕ್ರೀಂ ಗಾಡಿ. ಸೂರ್ಯ ದಿನಾ ಒಂದೇ ಕಡೆ ಮುಳುಗುವುದಿಲ್ಲ ಎಂಬುದು ಪೇಟೆಯವರಿಗೆ ಮರೆತೇ ಹೋಗಿರುತ್ತದೆ. ಈ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಗೆ ಅವನು ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಇರುತ್ತಾನೆ, ಜೂನ್ ಕೊನೆಗೆ ಹೆಚ್ಚುಕಡಿಮೆ ಅಷ್ಟೇ ಉತ್ತರಕ್ಕೆ. ಹಾಗಾಗಿ ಚಳಿಗಾಲದಲ್ಲಿ ಪಣಂಬೂರಿನ ಸೂರ್ಯ ಬಂದರಿನಿಂದ ದೂರ ಸರಿದು, ಎಡಕ್ಕೆ ವಾಲಿಕೊಂಡು ಮುಳುಗುತ್ತಾನೆ. ಏಪ್ರಿಲ್ ಮೇ ಬಂತೆಂದರೆ ಬ್ರೇಕ್‌ವಾಟರಿನ ಕಡೆಗೆ ಬರುತ್ತಾನೆ. ಕ್ರೇನು ಬೇಡ ಎನ್ನುವವನಿಗೂ ಬೇಕು ಎನ್ನುವವನಿಗೂ ವರ್ಷದಲ್ಲಿ ಜಾಗ ಇದೆ. ಕಾಯಬೇಕು, ಅಷ್ಟೆ.

ತಣ್ಣೀರುಬಾವಿಯಲ್ಲಿ ಬೇರೆ ಥರ. ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ಗುರುಪುರ ನದಿ ದಾಟಿದರೆ ಗಾಳಿ ಮರಗಳು, ಅಗಲವಾದ ಮರಳು, ಫುಟ್‌ಬಾಲ್ ಆಡುವ ಹುಡುಗರು. ಅಲ್ಲಿ ಮುನ್ನೆಲೆಗೆ ಏನೂ ಸಿಗುವುದಿಲ್ಲ ಎಂದು ಫೋಟೊದವರು ದೂರುತ್ತಾರೆ. ಏನೂ ಇಲ್ಲದ ಮರಳನ್ನು ನೋಡಲು ನಮಗೆ ಯಾಕೆ ಇಷ್ಟು ಕಷ್ಟವೋ.

ಸೋಮೇಶ್ವರದಲ್ಲಿ ಮುನ್ನೆಲೆಗೆ ಕೊರತೆಯಿಲ್ಲ. ಸೋಮನಾಥ ದೇವಸ್ಥಾನದ ಕೆಳಗೆ ಕಡಲೊಳಕ್ಕೆ ಚಾಚಿದ ರುದ್ರಪಾದೆ ಇದೆ. ಕ್ಯಾಲೆಂಡರಿಗೆಂದೇ ಜೋಡಿಸಿಟ್ಟ ಹಾಗಿದೆ. ಹತ್ತು ಜನ ಟ್ರೈಪಾಡ್ ಊರಿದರೂ ಹತ್ತೂ ಚಿತ್ರಗಳು ಒಂದೇ ಥರ: ಎಡಗಡೆ ಕೆಳಗೆ ಕಲ್ಲು, ಅದರ ಸುತ್ತ ನೊರೆ, ಬಲಗಡೆ ಮೇಲೆ ಸೂರ್ಯ. ಪಾದೆಯ ಮೇಲಿಂದ ಜಾರಿ ನೀರುಪಾಲಾದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆ ಸುದ್ದಿ ಯಾವ ಸೂರ್ಯಾಸ್ತದ ಚಿತ್ರದಲ್ಲೂ ಕಾಣುವುದಿಲ್ಲ. ಕಾಣಬೇಕೆಂದು ನಾನೂ ಹೇಳುತ್ತಿಲ್ಲ. ಆದರೆ ಪಾಚಿ ಹಿಡಿದ ಬಿರುಕಿನಲ್ಲಿ ಟ್ರೈಪಾಡಿನ ಒಂದು ಕಾಲು ಸಿಕ್ಕಿಸಿ, ಹಿಂದಕ್ಕೆ ಎಳೆಯುವ ನೀರು ಇನ್ನೆರಡು ಕಾಲುಗಳ ಬುಡದ ಮರಳನ್ನು ಕದಿಯುತ್ತಿರುವಾಗ, ಲೆನ್ಸಿನ ಮೇಲೆ ಕೂತ ಉಪ್ಪಿನ ತೆಳು ಪೊರೆಯನ್ನು ಅಂಗಿಯ ತುದಿಯಿಂದ ಒರೆಸಿ ಮತ್ತಷ್ಟು ಹರಡಿಕೊಂಡಾಗ, ಕಡಲು ಚಿತ್ರಕ್ಕಾಗಿ ಬಂದದ್ದಲ್ಲ ಎಂಬುದು ಮೈಗೆ ಗೊತ್ತಾಗುತ್ತದೆ. ಮನೆಯಲ್ಲಿ ಪರದೆಯ ಮುಂದೆ ಕೂತಾಗ ಹೋಗುವುದು ಈ ಅರಿವೇ.

ಸೂರ್ಯನ ಬಿಂಬದ ಕೆಳ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ನಮ್ಮಲ್ಲಿ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಆ ಎರಡು ನಿಮಿಷದಲ್ಲಿ ಬೀಚಿನಲ್ಲಿರುವ ಮೊಬೈಲುಗಳೆಲ್ಲ ಮೇಲೇಳುತ್ತವೆ, ಮರುಕ್ಷಣ ಎಲ್ಲರೂ ಬೆನ್ನು ಹಾಕಿ ಪಾರ್ಕಿಂಗ್ ಕಡೆ ನಡೆಯುತ್ತಾರೆ. ಒಳ್ಳೆಯ ಬಣ್ಣ ಬರುವುದು ಆಮೇಲೆ, ಹತ್ತಿಪ್ಪತ್ತು ನಿಮಿಷ ಬಿಟ್ಟು. ಇನ್ನೊಂದು ಸೋಜಿಗ ಇದೆ. ದಿಗಂತದಲ್ಲಿ ಗಾಳಿಯ ದಪ್ಪ ಪದರವನ್ನು ಹಾದು ಬರುವ ಬೆಳಕು ಬಾಗುತ್ತದೆ. ಎಷ್ಟು ಬಾಗುತ್ತದೆಂದರೆ, ಬಿಂಬ ನೀರಿಗೆ ತಾಗುವುದನ್ನು ನಾವು ನೋಡುವ ಹೊತ್ತಿಗೆ ನಿಜವಾದ ಸೂರ್ಯ ದಿಗಂತದ ಕೆಳಗೆ ಇಳಿದಾಗಿರುತ್ತದೆ. ಎಲ್ಲರೂ ಕ್ಲಿಕ್ಕಿಸುವ ಆ ಕೆಂಪು ಚೆಂಡು ಅಲ್ಲಿ ಇಲ್ಲದ ಸೂರ್ಯನದು. ‘ಇದ್ದದ್ದನ್ನು ಇದ್ದ ಹಾಗೆ ತೆಗೆದೆ’ ಎಂದು ಎದೆ ತಟ್ಟಿಕೊಳ್ಳುವವರು ಇದನ್ನೊಂದಿಷ್ಟು ನೆನಪಿಟ್ಟುಕೊಳ್ಳಬೇಕು.

ಯಾಕೆಂದರೆ ಏನನ್ನೂ ಮುಟ್ಟಿಲ್ಲ, ಫಿಲ್ಟರ್ ಇಲ್ಲ, ಎಡಿಟಿಂಗ್ ಇಲ್ಲ ಎಂದು ಹೇಳಿಕೊಳ್ಳುವುದು ಈಗ ಒಂದು ಬಗೆಯ ಮಡಿಯಾಗಿದೆ. ಕ್ಯಾಮೆರಾ ಒಳಗೇ ಎಷ್ಟು ಕೈಯಾಡಿಸಿರುತ್ತದೆಂದು ಗೊತ್ತಿದ್ದರೆ ಈ ಮಡಿ ನಿಲ್ಲುವುದಿಲ್ಲ. ಬಿಳಿಯನ್ನು ಬಿಳಿಯಾಗಿ ತೋರಿಸುವ ಆಟೋ ವೈಟ್ ಬ್ಯಾಲೆನ್ಸ್ ಎಂಬ ಏರ್ಪಾಟು ಸಂಜೆಯ ಕೆಂಪನ್ನು ದೋಷವೆಂದು ತಿಳಿದು, ಅದಕ್ಕೆ ನೀಲಿ ಬೆರೆಸಿ ಸರಿಮಾಡಲು ಹೊರಡುತ್ತದೆ. ಹೀಗಾಗಿ ಮುಟ್ಟದ ಚಿತ್ರದಲ್ಲಿ ಕಂಡದ್ದಕ್ಕಿಂತ ಸಪ್ಪೆ ಸಂಜೆ ಇರಬಹುದು. ಕಣ್ಣು ಒಂದೇ ಹೊತ್ತಿನಲ್ಲಿ ಆಕಾಶದ ಬೆಳಕನ್ನೂ ಬಂಡೆಯ ಕಪ್ಪಿನಲ್ಲಿ ಕೂತ ಏಡಿಯನ್ನೂ ನೋಡಬಲ್ಲದು. ಒಂದು ಸಲದ ಕ್ಲಿಕ್ಕಿನಲ್ಲಿ ಕ್ಯಾಮೆರಾಕ್ಕೆ ಎರಡೂ ದಕ್ಕುವುದಿಲ್ಲ. ಆದ್ದರಿಂದ ರಾ ಫೈಲನ್ನು ತೆರೆದು ಕೆಂಪನ್ನು ಮರಳಿ ತರುವುದು, ನೆರಳನ್ನು ಸ್ವಲ್ಪ ಎತ್ತುವುದು, ವಾಲಿದ ದಿಗಂತವನ್ನು ನೆಟ್ಟಗೆ ಮಾಡುವುದು ನನ್ನ ಲೆಕ್ಕದಲ್ಲಿ ತಪ್ಪಲ್ಲ. ಹಲವು ಸಲ ಅದೇ ಪ್ರಾಮಾಣಿಕತೆ. ಹಾಗಂತ ಬಣ್ಣದ ಗುಂಡಿಯನ್ನು ತುದಿಯವರೆಗೆ ತಿರುಗಿಸಿ ಕಡಲನ್ನು ಕುಂಕುಮದ ನೀರು ಮಾಡುವವರಿದ್ದಾರೆ. ಅದು ಅಭಿರುಚಿಯ ಪ್ರಶ್ನೆ, ಅವರಷ್ಟಕ್ಕೆ ಅವರು.

ಆಕಾಶವನ್ನೇ ಬದಲಾಯಿಸುವುದು ಹೊಸ ಮೊಬೈಲಿನ ಹೊಸ ಪಾಪ ಎಂದು ತಿಳಿಯಬೇಡಿ. ಫ್ರಾನ್ಸಿನ ಗುಸ್ತಾವ್ ಲೆ ಗ್ರೆ 1850ರ ದಶಕದಲ್ಲಿ ಕಡಲ ಚಿತ್ರಗಳಿಂದಲೇ ಹೆಸರು ಮಾಡಿದವನು. ಆಗಿನ ಗಾಜಿನ ಫಲಕಗಳಿಗೆ ನೀಲಿ ಬೆಳಕೆಂದರೆ ವಿಪರೀತ ಚುರುಕು. ಕಡಲು ಸರಿಯಾಗಿ ಮೂಡುವಷ್ಟು ಹೊತ್ತು ತೆರೆದಿಟ್ಟರೆ ಆಕಾಶ ಬರೀ ಬಿಳಿ ಹಾಳೆ. ಅವನು ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ಮಾಡಿಕೊಂಡು ದಿಗಂತದ ಗೆರೆಯಲ್ಲಿ ಎರಡನ್ನೂ ಸೇರಿಸಿ ಮುದ್ರಿಸಿದ. ಸೆಟ್ ಎಂಬ ಊರಿನ ಅಲೆಯ ಅವನ ಪ್ರಸಿದ್ಧ ಚಿತ್ರ 1857ರದು. ಒಂದೇ ಮೋಡವನ್ನು ಬೇರೆ ಬೇರೆ ಕಡಲುಗಳ ಮೇಲೆ ಹೊದಿಸಿದ್ದೂ ಉಂಟು. ಅಮೆರಿಕದ ಆ್ಯನ್ಸೆಲ್ ಆಡಮ್ಸ್ 1941ರಲ್ಲಿ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏಳುವ ಚಿತ್ರ ತೆಗೆದ. ಅದೇ ನೆಗೆಟಿವಿನಿಂದ ವರ್ಷಗಳ ಕಾಲ ಮುದ್ರಿಸುತ್ತ ಹೋದಂತೆ ಆಕಾಶ ಕಪ್ಪಾಗುತ್ತ ಹೋಯಿತು. ಇವರನ್ನು ಸುಳ್ಳುಗಾರರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಲೆ ಗ್ರೆಯ ಮೋಡದಿಂದ ಯಾರ ಮನೆಯೂ ಮಾಯವಾಗಲಿಲ್ಲ.

ಮಾಯ ಮಾಡುವುದು ಬೇರೆಯೇ ಕೆಲಸ, ನನ್ನ ತಕರಾರು ಇರುವುದು ಅಲ್ಲಿ. ಈಗ ಸಾಧಾರಣ ಮೊಬೈಲಿನಲ್ಲೂ ಬೇಡದ್ದರ ಮೇಲೆ ಬೆರಳಾಡಿಸಿದರೆ ಅದು ಹೋಗುತ್ತದೆ, ಅದರ ಜಾಗಕ್ಕೆ ಮರಳೋ ನೀರೋ ತಾನಾಗಿ ತುಂಬಿಕೊಳ್ಳುತ್ತದೆ. ಬೀಚಿನ ಚಿತ್ರದಲ್ಲಿ ಜನ ಏನನ್ನು ಅಳಿಸುತ್ತಾರೆ ಎಂದು ಗಮನಿಸಿದ್ದೇನೆ. ಪ್ಲಾಸ್ಟಿಕ್ ಬಾಟಲಿ, ಕರೆಂಟಿನ ತಂತಿ, ಮರಳಿನ ಮೇಲೆ ರಾಶಿ ಹಾಕಿದ ನೀಲಿ ಬಲೆ, ಮಗುಚಿ ಹಾಕಿದ ದೋಣಿಯ ಮೇಲಿನ ಹರಕು ಟಾರ್ಪಾಲು, ದಿಗಂತದ ಹಡಗು, ಕಡಲ್ಕೊರೆತಕ್ಕೆ ಸುರಿದ ಕಲ್ಲು, ಅಡ್ಡ ಬಂದ ಮನುಷ್ಯ. ಬಾಟಲಿ ನಮ್ಮದೇ ಹೊಲಸು, ಅದನ್ನು ಮುಚ್ಚಿಟ್ಟುಕೊಳ್ಳುವ ನಾಚಿಕೆ ಅರ್ಥವಾಗುತ್ತದೆ. ಉಳಿದವು ಹೊಲಸಲ್ಲ. ಆ ದಡದಲ್ಲಿ ಬದುಕುವವರ ಸಾಮಾನು, ಅವರ ಕೆಲಸ, ಅವರ ಕಷ್ಟ. ಸೂರ್ಯಾಸ್ತಕ್ಕೆ ಅದು ಹೊಂದುವುದಿಲ್ಲ ಎಂದು ತೀರ್ಮಾನಿಸಿದವರು ಸಂಜೆ ಒಂದು ಗಂಟೆಗೆ ಬಂದು ಹೋಗುವ ನಾವು.

ಇದಕ್ಕೊಂದು ಹಳೆಯ ಸಮರ್ಥನೆ ಇದೆ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಗೀಜಾದ ಪಿರಮಿಡ್ಡುಗಳ ಅಡ್ಡ ಚಿತ್ರವೊಂದನ್ನು ಉದ್ದಕ್ಕೆ ಹೊಂದಿಸುವಾಗ ಕಂಪ್ಯೂಟರಿನಲ್ಲಿ ಒಂದು ಪಿರಮಿಡ್ಡನ್ನು ಇನ್ನೊಂದರ ಹತ್ತಿರಕ್ಕೆ ಸರಿಸಿತು. ಗಲಾಟೆಯಾದಾಗ ಸಂಪಾದಕರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಫೋಟೊಗ್ರಾಫರನನ್ನು ಆಮೇಲೆ ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿದ ಹಾಗಾಯಿತು, ಅಷ್ಟೆ. ಮಾತು ಜಾಣತನದ್ದು. ಆದರೆ ಅವನು ಆ ಪಕ್ಕಕ್ಕೆ ಹೋಗಿ ನಿಂತಿರಲಿಲ್ಲವಲ್ಲ. ಹೋಗಿದ್ದರೆ ಏನೇನು ಕಾಣುತ್ತಿತ್ತೋ ಯಾರಿಗೆ ಗೊತ್ತು? ಅಲ್ಲಿ ಬೇರೇನೋ ಅಡ್ಡ ಬರುತ್ತಿತ್ತೋ ಏನೋ.

ಕಾಲಿನಿಂದ ಮಾಡುವ ತಿದ್ದುಪಡಿಗೂ ಬೆರಳಿನಿಂದ ಮಾಡುವ ತಿದ್ದುಪಡಿಗೂ ನನಗೆ ಕಾಣುವ ವ್ಯತ್ಯಾಸ ಇದು. ಪಣಂಬೂರಿನಲ್ಲಿ ಕ್ರೇನು ಬೇಡವೆಂದು ನಾನು ಎಡಕ್ಕೆ ತಿರುಗಿ ನಿಲ್ಲುತ್ತೇನೆ; ಇನ್ನೊಬ್ಬ ಕ್ರೇನನ್ನು ಸೇರಿಸಿಯೇ ತೆಗೆದು ಮನೆಯಲ್ಲಿ ಅಳಿಸುತ್ತಾನೆ. ಎರಡು ಚಿತ್ರಗಳಲ್ಲೂ ಕ್ರೇನು ಇಲ್ಲ. ನೋಡುವವನಿಗೆ ಅಂತರ ತಿಳಿಯುವುದೂ ಇಲ್ಲ. ಹಾಗಾದರೆ ಒಂದು ಸರಿ, ಇನ್ನೊಂದು ತಪ್ಪು ಯಾಕೆ? ನನ್ನ ಚಿತ್ರವನ್ನು ಕೈಯಲ್ಲಿ ಹಿಡಿದು ಯಾರಾದರೂ ಪಣಂಬೂರಿಗೆ ಹೋದರೆ, ಹಾಗೆ ಕಾಣುವ ಒಂದು ಜಾಗ ಅಲ್ಲಿ ಸಿಗುತ್ತದೆ. ಅಲ್ಲಿ ನಿಂತು ಕತ್ತು ಹೊರಳಿಸಿದರೆ ನಾನು ಬಿಟ್ಟದ್ದೂ ಸಿಗುತ್ತದೆ. ಅವನ ಚಿತ್ರ ಹಿಡಿದು ಹೊರಟವನು ಬೀಚಿನ ಉದ್ದಕ್ಕೂ ನಡೆದರೂ ಹಾಗೆ ಕಾಣುವ ಜಾಗ ಭೂಮಿಯ ಮೇಲೆಲ್ಲೂ ಇಲ್ಲ. ಇನ್ನೊಂದು ಮಾತೂ ಇದೆ: ಕಾಲು ಸರಿಸಬೇಕಾದರೆ ನಾನು ಕ್ರೇನನ್ನು ನೋಡಲೇಬೇಕು. ಅದು ಎಲ್ಲಿಂದ ಎಲ್ಲಿಯವರೆಗೆ ಇದೆ, ಯಾವ ತಿಂಗಳಲ್ಲಿ ಸೂರ್ಯನಿಗೆ ಅಡ್ಡ ಬರುತ್ತದೆ ಎಂದು ತಿಳಿಯಲೇಬೇಕು. ಬೆರಳು ಆಡಿಸುವವನಿಗೆ ಆ ಗೋಜೇ ಇಲ್ಲ.

ಫೋಟೊ ಸಲೋನುಗಳಲ್ಲಿ, ಅಂದರೆ ಸ್ಪರ್ಧೆಗಳಲ್ಲಿ, ಪ್ರಕೃತಿ ವಿಭಾಗಕ್ಕೆ ಈ ಬಗ್ಗೆ ಖಡಕ್ ನಿಯಮಗಳಿವೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅಂಥವರು ಹೆಸರು ತಂದ ಕ್ಷೇತ್ರ ಅದು, ಕರ್ನಾಟಕಕ್ಕೆ ಹೊಸದಲ್ಲ. ಚಿತ್ರದೊಳಗಿನ ಒಂದು ಹುಲ್ಲುಕಡ್ಡಿಯನ್ನೂ ತೆಗೆಯಬಾರದು, ಹೊರಗಿನದನ್ನು ಸೇರಿಸಬಾರದು. ಅಂಚು ಕತ್ತರಿಸುವುದಕ್ಕೆ ಅಡ್ಡಿಯಿಲ್ಲ. ಜೊತೆಗೆ ಮನುಷ್ಯನ ಗುರುತೂ ಚಿತ್ರದಲ್ಲಿ ಇರಬಾರದು, ಪ್ರಕೃತಿಯ ಕತೆಯಲ್ಲೇ ಅದು ಸೇರಿಕೊಂಡಿದ್ದರೆ ಮಾತ್ರ ವಿನಾಯಿತಿ. ಅಂದರೆ ತಡೆಗೋಡೆ ಇರುವ ಬೀಚಿನ ಚಿತ್ರವನ್ನು ಆ ವಿಭಾಗಕ್ಕೆ ಕಳಿಸುವಂತಿಲ್ಲ, ಗೋಡೆಯನ್ನು ಅಳಿಸಿಯೂ ಕಳಿಸುವಂತಿಲ್ಲ. ಗೋಡೆ ಇಲ್ಲದ ಕಡೆಗೆ ನಡೆದು ಹೋಗಬೇಕು. ಈ ಕಾಯಿದೆ ಬರೆದವರ ಮೇಲೆ ನನಗೆ ಗೌರವ ಇದೆ. ಸೂರ್ಯಾಸ್ತಗಳು ಹೆಚ್ಚಾಗಿ ಹೋಗುವುದು ಮುಕ್ತ ವಿಭಾಗಕ್ಕೆ, ಇಲ್ಲವೇ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ. ಎರಡು ಕಡೆಯೂ ಕೇಳುವವರಿಲ್ಲ.

ನನ್ನ ಈ ಕಾಲು-ಬೆರಳಿನ ವಾದದಲ್ಲಿ ಒಂದು ಸಡಿಲ ಗಂಟು ಇದೆ, ಅದನ್ನೂ ಹೇಳಿಬಿಡಬೇಕು. ಲೆನ್ಸಿಗೆ ಕಪ್ಪು ಗಾಜು ಹಾಕಿ ಅರ್ಧ ನಿಮಿಷ ಶಟರ್ ತೆರೆದಿಟ್ಟರೆ ಅಲೆಗಳೆಲ್ಲ ಕರಗಿ ರುದ್ರಪಾದೆಯ ಸುತ್ತ ಮಂಜು ಕವಿದ ಹಾಗೆ ಕಾಣುತ್ತದೆ. ಅಂಥ ಕಡಲನ್ನು ಯಾವ ಕಣ್ಣೂ ಎಲ್ಲಿ ನಿಂತೂ ನೋಡಿಲ್ಲ. ಕಡಲಿನ ಗದ್ದಲವನ್ನೇ ಅದು ಅಳಿಸುತ್ತದೆ. ಅರ್ಧ ನಿಮಿಷದೊಳಗೆ ಚೌಕಟ್ಟಿನಲ್ಲಿ ನಡೆದು ಹೋದ ಮನುಷ್ಯನೂ ಹೊಗೆಯಾಗಿ ಹೋಗುತ್ತಾನೆ. ಬೆರಳು ಮುಟ್ಟಲಿಲ್ಲ, ಆದರೂ ಒಬ್ಬ ಮಾಯ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಾನು ಅಂಥ ಚಿತ್ರಗಳನ್ನು ತೆಗೆಯುತ್ತೇನೆ, ಗೋಡೆಗೂ ಹಾಕಿಕೊಂಡಿದ್ದೇನೆ. ಮಂಜಿನಂಥ ಕಡಲನ್ನು ಯಾರೂ ನಿಜವೆಂದು ನಂಬಿ ಮೋಸ ಹೋಗುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಅಳಿಸಿದ ತಡೆಗೋಡೆಯನ್ನು ಮಾತ್ರ ಎಲ್ಲರೂ ನಂಬುತ್ತಾರೆ.

ಕಪ್ಪು ಆಕೃತಿಗಳ ವಿಷಯವೂ ಹೀಗೇ ಎರಡು ಬದಿಯದು. ಸೂರ್ಯಾಸ್ತದ ಬೆಳಕಿಗೆ ಕ್ಯಾಮೆರಾ ಹೊಂದಿಸಿದರೆ ಎದುರಿಗಿರುವ ಮನುಷ್ಯರೆಲ್ಲ ಕತ್ತರಿಸಿ ಅಂಟಿಸಿದ ಕಪ್ಪು ಕಾಗದ. ಕೈರಂಪಣಿ ಎಳೆಯುವವರನ್ನು ನೋಡಿ: ಹಗ್ಗವನ್ನು ಸೊಂಟಕ್ಕೆ ಒತ್ತಿ, ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದಕ್ಕೆ ಬಾಗಿ ಹೆಜ್ಜೆ ಹೆಜ್ಜೆ ಸರಿಯುವ ಸಾಲು. ಚೌಕಟ್ಟಿಗೆ ಅದು ಎಷ್ಟು ಚಂದ ಕೂರುತ್ತದೆಂದರೆ ಅವರ ಮುಖ ನೋಡುವ ನೆನಪೇ ಬರುವುದಿಲ್ಲ. ಬಲೆಗೆ ಬಂಗುಡೆ ಬಿತ್ತೋ ಬರೀ ಕಸ ಬಿತ್ತೋ ಎಂದು ಕೇಳುವುದಂತೂ ಇಲ್ಲವೇ ಇಲ್ಲ. ಆದರೆ ಅದೇ ಕಪ್ಪು ಕೆಲವೊಮ್ಮೆ ಮರ್ಯಾದೆಯೂ ಹೌದು. ಕೇಳದೆ ತೆಗೆದ ಫೋಟೊದಲ್ಲಿ ಗುರುತು ಸಿಗದಂತೆ ಇರುವುದು ಅವರ ಹಕ್ಕು. ರಾ ಫೈಲಿನಲ್ಲಿ ನೆರಳನ್ನು ಎತ್ತಿದರೆ ಒಂದೊಂದೇ ಮುಖ ಹೊರಬರುತ್ತದೆ; ಎತ್ತಬೇಕೋ ಬೇಡವೋ ಎಂದು ಪ್ರತಿ ಸಲವೂ ಹೊಸದಾಗಿಯೇ ಯೋಚಿಸಬೇಕು.

ದಿಗಂತದಲ್ಲಿ ಒಂದು ದೋಣಿ ಸಿಕ್ಕಿದರೆ ಚಿತ್ರಕ್ಕೆ ಜೀವ ಬಂತು ಎನ್ನುತ್ತೇವೆ. ಮೀನುಗಾರರ ಮನೆಯಲ್ಲಿ ದಿಗಂತದ ದೋಣಿಗೆ ಬೇರೆ ಅರ್ಥ. ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ನೌಕಾಪಡೆಯ ಹಡಗು ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ ಕಡಲ ತಳದಲ್ಲಿ ಪತ್ತೆ ಮಾಡುವಾಗ 2019ರ ಮೇ ತಿಂಗಳು. ಆ ನಾಲ್ಕೂವರೆ ತಿಂಗಳು ಈ ಕರಾವಳಿಯ ಬೀಚುಗಳಲ್ಲಿ ಸೂರ್ಯಾಸ್ತದ ಫೋಟೊಗಳೇನೂ ಕಡಿಮೆಯಾಗಲಿಲ್ಲ, ಆಗಬೇಕಿತ್ತೆಂದೂ ಅಲ್ಲ. ಅದಾದ ಮೇಲೆ ದೋಣಿಯ ಚುಕ್ಕೆಯನ್ನು ಮೂರು ಪಾಲಿನ ಗೆರೆಗಳು ಕೂಡುವಲ್ಲಿ ಜರುಗಿಸಿ ಕೂರಿಸುವಾಗ ನನ್ನ ಕೈ ಒಂದಿಷ್ಟು ನಿಧಾನವಾಗಿದೆ.

ಉಳ್ಳಾಲದ ಒಂದು ಸಂಜೆಯ ಮಾತು ಹೇಳಬೇಕು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ತೆಂಕಿಗೆ, ಉಳ್ಳಾಲದಿಂದ ಸೋಮೇಶ್ವರದಾಚೆ ಬಟ್ಟಪಾಡಿಯವರೆಗೆ, ಪ್ರತಿ ಮಳೆಗಾಲ ಕಡಲ್ಕೊರೆತದ ಸುದ್ದಿ. ತೆಂಗಿನ ಮರ, ರಸ್ತೆ, ಮನೆ ಒಂದೊಂದಾಗಿ ನೀರಿಗೆ ಹೋಗಿವೆ. ಅಳಿವೆಬಾಗಿಲಿನ ಬ್ರೇಕ್‌ವಾಟರುಗಳು ಮರಳಿನ ಸಹಜ ಓಡಾಟಕ್ಕೆ ಅಡ್ಡ ಬಂದದ್ದೂ ಒಂದು ಕಾರಣ ಎಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಇಲ್ಲಿ ಕಡಲೊಳಗೆ ಕೃತಕ ದಿಬ್ಬಗಳನ್ನೂ ಮಾಡಿದರು. ದಡದುದ್ದಕ್ಕೆ ಲಾರಿಗಟ್ಟಲೆ ಕಲ್ಲು ಸುರಿದದ್ದಂತೂ ಲೆಕ್ಕಕ್ಕಿಲ್ಲ. ಇದು ಉಳ್ಳಾಲದ್ದು ಮಾತ್ರವಲ್ಲ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ, ದೇಶದ ಕರಾವಳಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕೊರೆತಕ್ಕೆ ಸಿಕ್ಕಿದ್ದು ಕಂಡಿತು. ಫೋಟೊದವರಿಗೆ ಗುರುತಿರುವ ಪಾಲು.

ನಾನು ಕಲ್ಲುಗಳ ಮೇಲೆ ಟ್ರೈಪಾಡ್ ನಿಲ್ಲಿಸಿ, ಬುಡದ ಮಣ್ಣೆಲ್ಲ ಹೋಗಿ ಬೇರು ಜೋತುಬಿದ್ದ ಒಂದು ತೆಂಗಿನ ಮರವನ್ನು ಸೂರ್ಯನ ಪಕ್ಕಕ್ಕೆ ತರಲು ನೋಡುತ್ತಿದ್ದೆ. ಹಿಂದಿನ ಮನೆಯಿಂದ ಐವತ್ತು ದಾಟಿದ ಒಬ್ಬರು ಇಳಿದು ಬಂದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

“ಸರ್, ನಿಮ್ಮ ಕ್ಯಾಮೆರಾದಲ್ಲಿ ನಮ್ಮ ಮನೆದ್ದು ಒಂದು ತೆಗಿಲಿಕ್ಕೆ ಆಗ್ತದಾ?”

“ಆಗ್ತದೆ. ಎಂತಕ್ಕೆ ಅಣ್ಣ?”

“ಆಫೀಸಿಗೆ ಅರ್ಜಿ ಒಟ್ಟಿಗೆ ಕೊಡ್ಲಿಕ್ಕೆ ಉಂಟು. ನನ್ನ ಮೊಬೈಲಲ್ಲಿ ತೆಗ್ದದ್ದು ಕಪ್ಪು ಕಪ್ಪು ಬರ್ತದೆ ಮಾರಾಯ್ರೆ. ಗೋಡೆ ಬಿರುಕು ಬಿಟ್ಟದ್ದು ಕಾಣ್ಬೇಕು, ಸಮುದ್ರವೂ ಕಾಣ್ಬೇಕು. ಎರಡೂ ಒಂದ್ರಲ್ಲೇ ಬೇಕು. ಇಲ್ಲದಿದ್ರೆ ಸಮುದ್ರ ಎಲ್ಲಿ ಉಂಟು, ಮನೆ ಎಲ್ಲಿ ಉಂಟು ಅಂತ ಅವ್ರಿಗೆ ಹೇಗೆ ಗೊತ್ತಾಗುದು? ಮತ್ತೆ ತಾರೀಕು ಬೀಳ್ಬೇಕು.”

ಚಿತ್ರ ಹೇಗಿರಬೇಕೆಂದು ಇಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಎಲ್ಲಿ ನಿಲ್ಲಬೇಕೆಂದೂ ಅವರೇ ತೋರಿಸಿದರು, ಅಡುಗೆಮನೆಯ ಮೂಲೆಯಿಂದಾಚೆ, ಬಾವಿಕಟ್ಟೆಯ ಪಕ್ಕ. ಅಲ್ಲಿಂದ ನೋಡಿದರೆ ನೆಲದಿಂದ ಕಿಟಕಿಯವರೆಗೆ ಓರೆಯಾಗಿ ಹತ್ತಿದ ಬಿರುಕು, ಅಂಗಳದ ತುಂಡಾದ ಅಂಚು, ಕೆಳಗೆ ಕಲ್ಲುಗಳು, ಕಲ್ಲುಗಳ ನಡುವೆ ನುಗ್ಗಿ ಹಿಂದೆ ಸರಿಯುವ ನೀರು. ಹಿಂದೆ, ಯಾರಿಗೂ ಬೇಡವಾಗಿ, ಆ ವಾರದ ಅತ್ಯುತ್ತಮ ಸೂರ್ಯಾಸ್ತ.

ಗೋಡೆಯ ಬಿರುಕು ಕಾಣುವಂತೆ ಬೆಳಕು ಹೊಂದಿಸಿದೆ. ಆಕಾಶ ಬಿಳಿ ಹಾಳೆಯಾಯಿತು. ಆಕಾಶಕ್ಕೆ ಹೊಂದಿಸಿದ್ದರೆ ಮನೆ ಕಪ್ಪಾಗುತ್ತಿತ್ತು, ಅವರ ಮೊಬೈಲಿನಲ್ಲಿ ಆಗಿದ್ದೂ ಅದೇ. ಕಣ್ಣಿಗೆ ಎರಡೂ ಕಾಣುತ್ತಿದ್ದವು. ಲೆ ಗ್ರೆಯ ಹಾಗೆ ಎರಡು ಸಲ ತೆಗೆದು ಜೋಡಿಸಿದ್ದರೆ ಒಂದರಲ್ಲೇ ಬರುತ್ತಿತ್ತು, ನೋಡಲು ಇನ್ನೂ ಚೆನ್ನಾಗಿರುತ್ತಿತ್ತು, ನಾವು ಆ ಸಂಜೆ ನಿಜವಾಗಿ ಕಂಡದ್ದಕ್ಕೂ ಹತ್ತಿರವಾಗುತ್ತಿತ್ತು. ಆದರೆ ಅರ್ಜಿಗೆ ಲಗತ್ತಿಸುವ ಚಿತ್ರದಲ್ಲಿ ಜೋಡಣೆ ಇದೆಯೆಂದು ಯಾರಾದರೂ ಬೆರಳು ತೋರಿಸಿದರೆ ಬಿರುಕೂ ಸುಳ್ಳಾಗುತ್ತದೆ. ಅವರಿಗೆ ಬೇಕಾದದ್ದು ಬಿಳಿ ಆಕಾಶವೇ.

ನನ್ನ ಪಾಡಿಗೆ ನಾನು ತೆಗೆದ ತೆಂಗಿನ ಮರದ ಚಿತ್ರ ಅದೇ ಕಾರ್ಡಿನಲ್ಲಿ, ನಾಲ್ಕೈದು ಫೈಲುಗಳ ಹಿಂದೆ ಇದೆ. ಚೆನ್ನಾಗಿ ಬಂದಿದೆ. ಕಲ್ಲನ್ನು ಅಳಿಸಿಲ್ಲ, ಬೇರನ್ನು ಅಳಿಸಿಲ್ಲ, ನಾನು ಇಲ್ಲಿಯವರೆಗೆ ಹೇಳಿದ ನಿಯಮಗಳನ್ನೆಲ್ಲ ಪಾಲಿಸಿದ ಚಿತ್ರ. ಆದರೂ ಅದನ್ನು ನೋಡಿದಾಗ ಒಂದು ಇರುಸುಮುರುಸು. ಬೀಳಲಿರುವ ಮರಕ್ಕೆ ಆ ಕಿತ್ತಳೆ ಬೆಳಕು ಬಿದ್ದು ಕಡಲ್ಕೊರೆತವೂ ನೋಡಲು ಸುಂದರವಾಗಿಬಿಟ್ಟಿದೆ. ಇರುವುದನ್ನೆಲ್ಲ ಚೌಕಟ್ಟಿನೊಳಗೆ ಇಟ್ಟುಕೊಂಡರೆ ಲೆಕ್ಕ ಚುಕ್ತಾ ಎಂದು ನಾನು ತಿಳಿದಿದ್ದರೆ ಆ ಚಿತ್ರ ಒಪ್ಪುವುದಿಲ್ಲ. ಸೂರ್ಯಾಸ್ತ ಯಾವ ದುಃಖಕ್ಕೂ ಬಣ್ಣ ಹಚ್ಚಬಲ್ಲದು. ಅದಕ್ಕೇ ಇರಬೇಕು, ಮನೆ ಕಳೆದುಕೊಳ್ಳುತ್ತಿರುವವರ ಚಿತ್ರಗಳನ್ನು ಪತ್ರಿಕೆಯವರು ಹೆಚ್ಚಾಗಿ ಹಗಲಿನ ಬೋಳು ಬೆಳಕಿನಲ್ಲಿ ತೆಗೆಯುತ್ತಾರೆ. ಈಗ ನಾನು ಆ ಭಾಗಕ್ಕೆ ಹೋದರೆ ಮೂರು ಗಂಟೆಯ ಬಿಸಿಲಿಗೇ ಹೋಗಿ ಒಂದಷ್ಟು ತೆಗೆಯುತ್ತೇನೆ. ಅವನ್ನು ಯಾರೂ ಲೈಕ್ ಮಾಡುವುದಿಲ್ಲ. ಊರು, ಜಾಗ, ತಾರೀಕು ಬರೆದಿಡುತ್ತೇನೆ. ಯಾವ ಕಂಬದಿಂದ ನೀರಿಗೆ ಎಷ್ಟು ಹೆಜ್ಜೆ ಎಂದೂ ಬರೆದಿಡುತ್ತೇನೆ. ದಡ ಎಲ್ಲಿತ್ತೆಂದು ಮುಂದೆ ಯಾರಾದರೂ ಕೇಳಿದರೆ, ಏನನ್ನೂ ಅಳಿಸದ ಚಿತ್ರವಾದರೆ ಮಾತ್ರ ಉತ್ತರ ಹೇಳೀತು.

ಅವರ ಮನೆಯ ಫೋಟೊವನ್ನು ಪ್ರಿಂಟ್ ಹಾಕಿಸಲು ಪೇಟೆಯ ಒಂದು ಲ್ಯಾಬಿಗೆ ಹೋದೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಚುರುಕಿನವನು. ಮದುವೆ ಆಲ್ಬಮ್ಮುಗಳಲ್ಲಿ ಪಳಗಿದ ಕೈ. ಫೈಲು ತೆರೆದು, ಚಿತ್ರವನ್ನು ದೊಡ್ಡದು ಮಾಡಿ, ಅರೆಕ್ಷಣ ನೋಡಿ ನನ್ನ ಕಡೆ ತಿರುಗಿದ.

“ಸರ್, ಆಕಾಶ ಫುಲ್ ವೈಟ್ ಹೋಗಿದೆ. ಒಂದು ಒಳ್ಳೆ ಸನ್‌ಸೆಟ್ ಹಾಕಿ ಕೊಡ್ಲಾ? ಈ ಗೋಡೆದ್ದು ಕ್ರ್ಯಾಕ್ ಸಹ ಕ್ಲೀನ್ ಮಾಡ್ತೇನೆ, ಎರಡು ನಿಮಿಷದ ಕೆಲಸ.”

“ಬೇಡ ಮಾರಾಯ. ಕ್ರ್ಯಾಕ್‌ದ್ದೇ ಫೋಟೊ ಅದು.”

“ಓ, ಹಾಗಾ?” ಎಂದ. ಕೆಳಗೆ ಬಲಗಡೆ ಹಳದಿ ಅಕ್ಷರದಲ್ಲಿ ತಾರೀಕು ಹಾಕಿ, ಮ್ಯಾಟ್ ಬೇಕಾ ಗ್ಲಾಸಿ ಬೇಕಾ ಎಂದು ಕೇಳಿದ.